ಗೊತ್ತಿದ್ದವನೇ ಕೋಚ್

ಕೋಚ್‌ಗಳ ಬಗ್ಗೆ ಬರೆಯಲು ಕೂತಾಗ ರೇ ಆ್ಯಂಡರ್‌ಸನ್ ನೆನಪಾದರು. ಕಂಪನಿಯ ಮುಖ್ಯಸ್ಥರೊಬ್ಬರು ಜಗತ್ತನ್ನೇ ಬದಲಿಸುವ ಗುರಿ ಇಟ್ಟುಕೊಂಡರೆ ಅವರಿಗೆ ಎಂಥ ಕೋಚ್ ಬೇಕು ಎಂಬ ಪ್ರಶ್ನೆಗೆ ಆ್ಯಂಡರ್‌ಸನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಆ್ಯಂಡರ್‌ಸನ್ 1973ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಇಂಟರ್‌ಫೇಸ್ ಕಂಪನಿ ಕಟ್ಟಿದವರು. ಅವರದು ಕಾರ್ಪೆಟ್ ಟೈಲ್ ವ್ಯಾಪಾರ, ಬೆಂಗಳೂರಿನ ಐ.ಟಿ. ಕಚೇರಿಗಳಲ್ಲಿ ನೆಲಕ್ಕೆ ಹಾಸಿರುತ್ತಾರಲ್ಲ, ಅಂಥ ಚೌಕಗಳು. ನೂಲಿನಿಂದ ಹಿಡಿದು ಅಡಿಪದರದವರೆಗೆ ಎಲ್ಲಕ್ಕೂ ಪೆಟ್ರೋಲಿಯಂ ಬೇಕಿತ್ತು. 1994ರ ಹೊತ್ತಿಗೆ ಗ್ರಾಹಕರು ‘ಪರಿಸರಕ್ಕಾಗಿ ನೀವೇನು ಮಾಡುತ್ತಿದ್ದೀರಿ’ ಎಂದು ಕೇಳತೊಡಗಿದ್ದರು. ಅದಕ್ಕೆಂದೇ ರಚಿಸಿದ ತಂಡದವರು ಮುಖ್ಯಸ್ಥರೇ ಬಂದು ದಾರಿ ತೋರಬೇಕೆಂದು ಭಾಷಣಕ್ಕೆ ಕರೆದರು. ಕಾನೂನು ಪಾಲಿಸುತ್ತೇವೆ ಎನ್ನುವುದರಾಚೆ ಹೇಳಲು ಆ್ಯಂಡರ್‌ಸನ್ ಬಳಿ ಏನೂ ಇರಲಿಲ್ಲ. ಆಗ ಪಾಲ್ ಹಾಕನ್ ಅವರ ‘ದಿ ಇಕಾಲಜಿ ಆಫ್ ಕಾಮರ್ಸ್’ ಪುಸ್ತಕ ಕೈಗೆ ಬಂತು. ಅರವತ್ತರ ಉದ್ಯಮಿ ಅದನ್ನು ಓದಿ ಅತ್ತರು. ತಮ್ಮ ಕಂಪನಿಯಿಂದ ಪರಿಸರಕ್ಕಾಗುವ ಹಾನಿಯನ್ನು 2020ರೊಳಗೆ ಸೊನ್ನೆಗಿಳಿಸಬೇಕೆಂಬ ಗುರಿ ಹುಟ್ಟಿದ್ದು ಅಲ್ಲಿಂದ.

ಗುರಿಯೇನೋ ಹುಟ್ಟಿತು, ಅದನ್ನು ಮುಟ್ಟುವ ದಾರಿ ತೋರುವವರು ಯಾರು? ಕೋಚ್‌ಗಳ ಬಗ್ಗೆ ನನ್ನ ಹಳೆಯ ತಕರಾರು ಇರುವುದೂ ಇಲ್ಲೇ. ಕೋಚ್‌ಗೆ ವಿಷಯ ಗೊತ್ತಿರಬೇಕಾಗಿಲ್ಲ, ಸರಿಯಾದ ಪ್ರಶ್ನೆ ಕೇಳಿದರೆ ಸಾಕು, ಉತ್ತರ ಎದುರಿಗಿರುವವರೊಳಗೇ ಇರುತ್ತದೆ ಎಂದು ವಾದಿಸುವ ಪಂಥವೊಂದಿದೆ. ಅವರು ನೆಚ್ಚಿಕೊಂಡಿರುವುದು ಟಿಮತಿ ಗಾಲ್ವೆಯ 1974ರ ‘ದಿ ಇನ್ನರ್ ಗೇಮ್ ಆಫ್ ಟೆನಿಸ್’. ಆ ಪುಸ್ತಕ ನನಗೂ ಅಚ್ಚುಮೆಚ್ಚು. ಚೆಂಡಿನ ಹೊಲಿಗೆಯ ಮೇಲೆ ಕಣ್ಣು ನೆಡಿಸಿ, ಆಟಗಾರನ ತಲೆಯೊಳಗೆ ಸದಾ ಗದರುವ ದನಿಯನ್ನು ಸುಮ್ಮನಾಗಿಸುವ ವಿದ್ಯೆ ಅದರಲ್ಲಿದೆ. ಟೆನಿಸ್‌ನಲ್ಲಿ ಅದು ನಡೆಯುತ್ತದೆ. ಮೈ ತಾನಾಗಿ ಕಲಿಯುತ್ತದೆ. ಆದರೆ ಹಳೆಯ ನೈಲಾನನ್ನು ಮತ್ತೆ ನೂಲಾಗಿಸುವ ಬಗೆ ಯಾವ ಮುಖ್ಯಸ್ಥರ ಅಂತರಂಗದಲ್ಲೂ ಅಡಗಿ ಕೂತಿರುವುದಿಲ್ಲ. ಅದನ್ನು ಬಲ್ಲವರಿಂದಲೇ ಕಲಿಯಬೇಕು.

ಆ್ಯಂಡರ್‌ಸನ್ ಹಾಗೆಯೇ ಮಾಡಿದರು. ಹಾಕನ್, ಇಂಧನ ತಜ್ಞ ಅಮೊರಿ ಲೋವಿನ್ಸ್, ನಿಸರ್ಗದ ವಿನ್ಯಾಸಗಳ ಬಗ್ಗೆ ಬರೆದ ಜಾನಿನ್ ಬೆನ್ಯಸ್ ಮುಂತಾದವರನ್ನು ಸಲಹೆಗಾರರನ್ನಾಗಿ ಮಾಡಿಕೊಂಡರು. ಗುರಿಯನ್ನು ಏಳು ಬಾಬತ್ತುಗಳಾಗಿ ವಿಂಗಡಿಸಿದರು. ಮೊದಲನೆಯದು ತ್ಯಾಜ್ಯ ತಗ್ಗಿಸುವುದು. ಅಲ್ಲಿ ಉಳಿತಾಯವಾದ ಹಣವೇ ಉಳಿದ ಕೆಲಸಗಳಿಗೆ ಬಂಡವಾಳವಾಯಿತು. ಕೋಚ್‌ಗಳು ಈ ಕ್ರಮವನ್ನು ಬಾಯಿಪಾಠ ಮಾಡಬೇಕು ಎಂದು ನಾನು ಹೇಳುತ್ತಲೇ ಬಂದಿದ್ದೇನೆ.

ಇಂಟರ್‌ಫೇಸ್‌ಗೆ ಟೈಲ್ ವಿನ್ಯಾಸ ಮಾಡುತ್ತಿದ್ದ ಡೇವಿಡ್ ಓಕಿ ತಮ್ಮ ತಂಡವನ್ನು ಕಾಡಿಗೆ ಕಳಿಸಿದರು. ನಿಸರ್ಗ ನೆಲ ಹಾಸುವುದು ಹೇಗೆ ಎಂದು ನೋಡಿ ಬರುವುದು ಅವರ ಕೆಲಸ. ಎಲೆ, ಕಡ್ಡಿ, ಕಲ್ಲು ಬಿದ್ದ ಆ ನೆಲದಲ್ಲಿ ಒಂದು ತುಂಡು ಇನ್ನೊಂದರಂತಿಲ್ಲ, ಆದರೂ ಒಟ್ಟು ನೋಟ ಕಣ್ಣಿಗೆ ಹಿತ. ಹಾಗೆ ಹುಟ್ಟಿದ ‘ಎಂಟ್ರೊಪಿ’ ಟೈಲ್‌ಗಳಲ್ಲಿ ಒಂದರ ಚಿತ್ತಾರ ಮತ್ತೊಂದರದ್ದಲ್ಲ. ಯಾವ ದಿಕ್ಕಿಗೆ ಬೇಕಾದರೂ ಹಾಸಬಹುದು. ಚಿತ್ತಾರ ಕೂಡಿಸಲು ಕತ್ತರಿಸಿ ಎಸೆಯುವುದು ತಪ್ಪಿತು. ಬಣ್ಣದಲ್ಲಿ ತುಸು ಹೆಚ್ಚುಕಡಿಮೆಯಾದರೂ ನಡೆಯಿತು. ಒಂದು ಹಾಳಾದರೆ ಅದೊಂದನ್ನೇ ಬದಲಿಸಿದರಾಯಿತು. ಈ ಉಪಾಯ ಹೊಳೆದದ್ದು ಹೊರಗೆ ಹೋಗಿ ನೋಡಿದ್ದರಿಂದ. ಬೋರ್ಡ್‌ರೂಮಿನಲ್ಲಿ ಕಣ್ಣುಮುಚ್ಚಿ ಆತ್ಮಶೋಧನೆ ನಡೆಸಿದ್ದರೆ ಸಿಗುತ್ತಿರಲಿಲ್ಲ.

ಆ್ಯಂಡರ್‌ಸನ್ 2011ರಲ್ಲಿ ತೀರಿಕೊಂಡರು. ಗುರಿ ಮುಟ್ಟಿದ್ದೇವೆ ಎಂದು ಕಂಪನಿ 2019ರಲ್ಲಿ ಘೋಷಿಸಿತು. ಮುಖ್ಯಸ್ಥರು ಹೋದ ಮೇಲೂ ಕೆಲಸ ನಿಲ್ಲಲಿಲ್ಲ, ಏಕೆಂದರೆ ಗುರಿಗೆ ಇಸವಿ ಇತ್ತು, ಅಳತೆ ಇತ್ತು, ಮೊದಲು ಮಾಡಬೇಕಾದ ಕೆಲಸ ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ದೊಡ್ಡ ಕನಸಿಟ್ಟುಕೊಂಡು ಕೋಚ್ ಹುಡುಕುತ್ತಿರುವವರಿಗೆ ನನ್ನದೊಂದು ಮಾತು: ನಿಮಗೆ ಗೊತ್ತಿಲ್ಲದ ಯಾವ ವಿದ್ಯೆ ಅವರಿಗೆ ಗೊತ್ತಿದೆ ಎಂದು ಮೊದಲು ಕೇಳಿ. ಉತ್ತರ ಸಿಗದಿದ್ದರೆ ಆ ದುಡ್ಡನ್ನು ಬಲ್ಲವರೊಬ್ಬರನ್ನು ಕರೆಸಲು ಇಟ್ಟುಕೊಳ್ಳಿ.