ಪುಕ್ಕಟೆ ಹಾಳೆ, ಕನ್ನಡದ ಒತ್ತು

ಬ್ರೌಸರಿನಲ್ಲೇ ತೆರೆದು ಹಲವರು ಒಟ್ಟಿಗೆ ಬರೆಯಬಹುದಾದ ಉಚಿತ ಪದಸಂಸ್ಕಾರಕಗಳಲ್ಲಿ ಸುಲಭವಾಗಿ ಕೈಗೆ ಸಿಗುವವು ಮೂರು: ಗೂಗಲ್ ಡಾಕ್ಸ್, ಮೈಕ್ರೋಸಾಫ್ಟ್ ವರ್ಡ್‌ನ ಆನ್‌ಲೈನ್ ರೂಪ, ಚೆನ್ನೈಯ ಜೋಹೋ ರೈಟರ್. ಗುಟ್ಟು ಕಾಯಬೇಕೆನ್ನುವವರಿಗೆ ಫ್ರಾನ್ಸಿನ ಕ್ರಿಪ್ಟ್‌ಪ್ಯಾಡ್ ಉಂಟು. ಇವನ್ನು ತೂಗಿ ನೋಡುವ ಪಟ್ಟಿಗಳೆಲ್ಲ ಜಾಗದ ಲೆಕ್ಕದಿಂದ ಶುರುವಾಗುತ್ತವೆ: ಗೂಗಲ್ 15 ಜಿಬಿ ಕೊಡುತ್ತದೆ, ಮೈಕ್ರೋಸಾಫ್ಟ್ 5 ಜಿಬಿ. ಬರೆಯುವವರಿಗೆ ಈ ಲೆಕ್ಕದಿಂದ ಏನೂ ದಕ್ಕುವುದಿಲ್ಲ. ಕನ್ನಡದ ಒಂದು ಯೂನಿಕೋಡ್ ಸಂಕೇತ ಸಾಮಾನ್ಯವಾಗಿ 3 ಬೈಟ್ ಹಿಡಿಯುತ್ತದೆ. ಚಿತ್ರಗಳಿಲ್ಲದ ಸಾವಿರ ಪುಟದ ಕಾದಂಬರಿಯೂ ಹತ್ತು ಎಂಬಿಯ ಒಳಗೆ ಮುಗಿಯುತ್ತದೆ. ಆ ಜಾಗವನ್ನು ನುಂಗುವುದು ಮದುವೆಯ ಫೋಟೋಗಳು.

ಕನ್ನಡಕ್ಕೆ ಬೇಕಾದ ಪರೀಕ್ಷೆ ಬೇರೆ. ಹಾಳೆ ತೆರೆದು ‘ಸ್ತ್ರೀ’ ಎಂದು ಬರೆದು ಅಳಿಸುತ್ತ ಹೋಗಬೇಕು. ಕಣ್ಣಿಗೆ ಅದು ಒಂದೇ ಅಕ್ಷರ, ಯೂನಿಕೋಡಿಗೆ ಆರು ಸಂಕೇತ: ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರ. ಬ್ಯಾಕ್‌ಸ್ಪೇಸ್ ಒಮ್ಮೆ ಒತ್ತಿದರೆ ‘ಸ್ತ್ರ’, ಮತ್ತೊಮ್ಮೆ ‘ಸ್ತ್’, ಆಮೇಲೆ ‘ಸ್ತ’, ‘ಸ್’, ‘ಸ’, ಕೊನೆಗೆ ಖಾಲಿ. ಇದನ್ನು ದೋಷವೆನ್ನುವವರಿದ್ದಾರೆ, ನಿಜಕ್ಕೂ ಇದು ಉಪಕಾರ. ದೀರ್ಘವೊಂದು ತಪ್ಪಿದರೆ ಅದೊಂದನ್ನೇ ಕಿತ್ತು ಸರಿಪಡಿಸಬಹುದು, ಇಡೀ ಒತ್ತಕ್ಷರವನ್ನು ಮತ್ತೆ ಕಟ್ಟಬೇಕಿಲ್ಲ.

ಅಕ್ಷರ ಮೂಡಿಸುವ ಬಗೆಯಲ್ಲಿ ಎರಡು ಪಂಥಗಳಿವೆ. ಒಂದು, ಕಿನ್ನಿಕಂಬಳ ಪದ್ಮನಾಭ ರಾಯರ ಕೀಲಿಮಣೆಯದು. ಮುಂಬಯಿಯ ಟಾಟಾ ಪ್ರೆಸ್ಸಿನಲ್ಲಿ ದುಡಿದು, ಭಾರತೀಯ ಲಿಪಿಗಳ ಅಚ್ಚುಜೋಡಣೆಯಲ್ಲಿ ಕೈ ಪಳಗಿಸಿಕೊಂಡು, ಉಡುಪಿಯ ಕಡೆ ನೆಲೆಸಿದ ಕೆ.ಪಿ. ರಾಯರು ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟರು. ಅವರ ವಿನ್ಯಾಸವೇ ಮುಂದೆ ರಾಜ್ಯ ಸರ್ಕಾರದ ಮಾನಕವಾಗಿ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದೊಳಗೆ ಸೇರಿ, ಲಿನಕ್ಸಿನಲ್ಲಿ ಕಗಪ ಎಂಬ ಹೆಸರಿನಿಂದ ಸಿಗುತ್ತದೆ. ಅದರಲ್ಲಿ ‘ಕೆಮ್ಮಣ್ಣು’ ಎಂಬ ಊರಿನ ಹೆಸರು ಬರೆಯಲು ಒಂಬತ್ತು ಕೀಲಿ: ಕೆ, ಇ, ಎಂ, ಎಫ್, ಎಂ, ಶಿಫ್ಟಿನೊಡನೆ ಎನ್, ಎಫ್, ಮತ್ತೆ ಶಿಫ್ಟಿನೊಡನೆ ಎನ್, ಯು. ಎಫ್ ಒತ್ತಿದಲ್ಲೆಲ್ಲ ಒತ್ತು. ಒಂಬತ್ತು ಕೀಲಿಗೆ ಒಂಬತ್ತು ಸಂಕೇತ, ಊಹೆಗೆ ಎಡೆಯೇ ಇಲ್ಲ.

ಎದುರು ಪಂಥದ್ದು ಇಂಗ್ಲಿಷ್ ಕಾಗುಣಿತದಲ್ಲಿ ಬಡಿದು ಯಂತ್ರದ ಊಹೆಗೆ ಕಾಯುವ ಲಿಪ್ಯಂತರ. ಡಾಕ್ಸ್ ಒಳಗೇ ಅದು ಸಿದ್ಧವಾಗಿರುವುದರಿಂದ ಹೊಸಬರೆಲ್ಲ ಅದಕ್ಕೇ ಒಲಿಯುತ್ತಾರೆ. ಇಂಗ್ಲಿಷಿನ ಒಂದು ಎನ್ ನ-ಣಗಳೆರಡನ್ನೂ ಹೊರಬೇಕು, ಒಂದು ಎಲ್ ಲ-ಳಗಳೆರಡನ್ನೂ. ಪಟ್ಟಿಯಿಂದ ಆರಿಸುವಾಗ ಬೆರಳು ತಪ್ಪಿದರೆ ಕೆಮ್ಮಣ್ಣು ‘ಕೆಮ್ಮನ್ನು’ ಆಗುತ್ತದೆ. ಕೆಂಪು ಮಣ್ಣಿನ ಊರು ಹೋಗಿ ದ್ವಿತೀಯಾ ವಿಭಕ್ತಿಯ ಕೆಮ್ಮು ಉಳಿಯುತ್ತದೆ. ಅದೂ ಸಾಧುಶಬ್ದವೇ ಆದ್ದರಿಂದ ಯಾವ ಕಾಗುಣಿತ ಪರೀಕ್ಷಕವೂ ಅದನ್ನು ಹಿಡಿಯದು. ಕೊಂಕಣಿಯನ್ನೂ ತುಳುವನ್ನೂ ಕನ್ನಡ ಲಿಪಿಯಲ್ಲೇ ಬರೆಯುವ ಕರ್ನಾಟಕದ ಕರಾವಳಿಯಲ್ಲಂತೂ, ಕನ್ನಡದ ಮಾತುಗಳಷ್ಟನ್ನೇ ಬಲ್ಲ ಊಹೆ ಹೆಜ್ಜೆಹೆಜ್ಜೆಗೂ ಮುಗ್ಗರಿಸುತ್ತದೆ.

ಇನ್ನು ಹಲವು ಕೈ ಒಂದೇ ಹಾಳೆಯಲ್ಲಿ ಆಡುವ ಸಂಗತಿ. 2005ರಲ್ಲಿ ರೈಟ್ಲಿ ಎಂಬ ಹೆಸರಿನಲ್ಲಿ ಹುಟ್ಟಿ 2006ರಲ್ಲಿ ಗೂಗಲ್ ಪಾಲಾದದ್ದು ಇಂದಿನ ಡಾಕ್ಸ್. ಅಕ್ಷರ ಮೂಡುತ್ತಿದ್ದಂತೆ ಎಲ್ಲರ ಪರದೆಯಲ್ಲೂ ಕಾಣಿಸುವ ಮಾಟವನ್ನು ಜನಕ್ಕೆ ತೋರಿಸಿದ್ದು 2008ರ ಈಥರ್‌ಪ್ಯಾಡ್. ಮರುವರ್ಷ ಅದನ್ನೂ ಗೂಗಲ್ ಕೊಂಡಿತು. ಇದರ ಹಿಂದಿನ ಉಪಾಯ 1989ರದು. ಒಬ್ಬರು ಹನ್ನೆರಡನೆಯ ಸ್ಥಾನದಲ್ಲಿ ಪದ ಸೇರಿಸುವಷ್ಟರಲ್ಲಿ ಇನ್ನೊಬ್ಬರು ಅದಕ್ಕೂ ಮುಂಚಿನ ಜಾಗದಲ್ಲಿ ಮೂರು ಸಂಕೇತ ತುರುಕಿದ್ದರೆ, ಯಂತ್ರ ಹನ್ನೆರಡನ್ನು ಹದಿನೈದು ಮಾಡಿಕೊಳ್ಳುತ್ತದೆ. ಎಣಿಕೆ ನಡೆಯುವುದು ಅಕ್ಷರಗಳಲ್ಲಿ ಅಲ್ಲ, ಸಂಕೇತಗಳಲ್ಲಿ. ಹಾಗಾಗಿ ಒಂದೇ ಒತ್ತಕ್ಷರದ ಒಳಗೆ ಇಬ್ಬರ ಕೈ ಬೀಳುವುದುಂಟು. ಡಾಕ್ಸ್‌ನ ಸಲಹೆಯ ಕ್ರಮದಲ್ಲೂ ವರ್ಡ್‌ನ ತಿದ್ದುಪಡಿ ಗುರುತಿನಲ್ಲೂ ಇದರ ಫಲ ಕಣ್ಣಿಗೆ ಬೀಳುತ್ತದೆ: ಗುಡಿಸನ್ನು ಮಾತ್ರ ತಿದ್ದಿದರೆ ಆ ಗುಡಿಸು ಆಧಾರ ಕಳೆದುಕೊಂಡು ಚುಕ್ಕಿಗಳ ಸೊನ್ನೆಗೆ ಜೋತುಬೀಳಬಹುದು. ತಿದ್ದುವವರು ಇಡೀ ಪದವನ್ನೇ ಬದಲಿಸುವುದು ಇದಕ್ಕೆ ಮದ್ದು.

ತಿದ್ದುಪಡಿಯ ಚರಿತ್ರೆಯನ್ನು ಡಾಕ್ಸ್, ವರ್ಡ್, ಜೋಹೋ ಮೂರೂ ಇಟ್ಟುಕೊಳ್ಳುತ್ತವೆ. ಯಾರು, ಯಾವ ಹೊತ್ತಿಗೆ, ಏನನ್ನು ಬದಲಿಸಿದರು ಎಂಬುದರ ಕಡತವದು. ಕಾರ್ಕಳದ ಬಳಿಯ ನಂದಳಿಕೆಯ ಲಕ್ಷ್ಮೀನಾರಣಪ್ಪನಿಗೆ ಇದು ಸೇರುತ್ತಿರಲಿಲ್ಲ. ಉಡುಪಿಯಲ್ಲಿ ಡ್ರಿಲ್ ಮಾಸ್ತರನಾಗಿದ್ದ ಆತ, ಮುದ್ದಣನೆಂದು ಕನ್ನಡಕ್ಕೆಲ್ಲ ಗೊತ್ತಾದವನು, ತಾನೇ ಬರೆದದ್ದನ್ನು ಯಾವುದೋ ಹಳೆಯ ಕವಿಯ ಓಲೆಗರಿಯಿಂದ ಬಂದದ್ದೆಂಬಂತೆ ಮೈಸೂರಿನ ಪಂಡಿತರಿಗೆ ಕಳಿಸಿಕೊಟ್ಟ. ಅವರು ಪ್ರಾಚೀನ ಕೃತಿಯೆಂದೇ ಅಚ್ಚು ಹಾಕಿಸಿದರು. ‘ಶ್ರೀರಾಮಾಶ್ವಮೇಧ’ ಯಾರದೆಂಬುದು ನಾಡಿಗೆ ಖಚಿತವಾಗುವ ಹೊತ್ತಿಗೆ ಆತ ಉಳಿದಿರಲಿಲ್ಲ; 1901ರಲ್ಲೇ ತೀರಿಕೊಂಡಿದ್ದ. ಆ ಕೃತಿಯ ಮುದ್ದಣ ಮನೋರಮೆಯರ ಸಲ್ಲಾಪವನ್ನು ಹಂಚಿಕೊಂಡ ಹಾಳೆಯಲ್ಲಿ ಬರೆದಿದ್ದರೆ ಪ್ರತಿ ಮಾತಿನ ಪಕ್ಕದಲ್ಲೂ ಒಂದು ಬಣ್ಣ, ಒಂದು ಹೆಸರು, ನಡುರಾತ್ರಿಯ ಒಂದು ಗಂಟೆ ನಮೂದಾಗಿ ಗುಟ್ಟು ಅಂದೇ ರಟ್ಟಾಗುತ್ತಿತ್ತು. ಆದರೆ ತಪ್ಪಿಸಿಕೊಳ್ಳುವ ಕಿಂಡಿಯೂ ಅಲ್ಲೇ ಇದೆ. ಬರೆದದ್ದನ್ನೆಲ್ಲ ನಕಲಿಸಿ ಹೊಸ ಹಾಳೆಗೆ ಅಂಟಿಸಿದರೆ ಚರಿತ್ರೆಯಲ್ಲಿ ಉಳಿಯುವುದು ಅಂಟಿಸಿದ ಆ ಒಂದು ಗಳಿಗೆ ಮಾತ್ರ. ಕರಡಿನ ಎಡವಟ್ಟುಗಳನ್ನು ಸಂಪಾದಕರಿಗೆ ತೋರಿಸಲೊಲ್ಲದವರು ಹೊಸ ಹಾಳೆ ಕಳಿಸಲಿ. ‘ಇದು ನನ್ನದೇ’ ಎಂದು ಮುಂದೊಂದು ದಿನ ವಾದಿಸಬೇಕಾದೀತೆಂಬ ಅನುಮಾನವುಳ್ಳವರು ಮೂಲವನ್ನು ಅಳಿಸದಿರಲಿ.

ಇಷ್ಟೆಲ್ಲ ಸೌಲಭ್ಯಕ್ಕೆ ಕಲ್ಲು ಬೀಳುವುದು ಅಚ್ಚಿನ ಬಾಗಿಲಲ್ಲಿ. ದೇವಸ್ಥಾನದ ಬ್ರಹ್ಮಕಲಶೋತ್ಸವವಿರಲಿ, ಇಗರ್ಜಿಯ ಶತಮಾನೋತ್ಸವವಿರಲಿ, ಸ್ಮರಣ ಸಂಚಿಕೆಯೊಂದು ಆಗಲೇಬೇಕು. ಲೇಖನಗಳು ಮುಂಬಯಿಯಿಂದ, ದುಬೈಯಿಂದ, ಪಕ್ಕದ ಮನೆಯಿಂದ ಬಂದು ಡಾಕ್ಸ್‌ನಲ್ಲಿ ಸೇರುತ್ತವೆ. ಮೂವರು ತಿದ್ದುತ್ತಾರೆ, ಕಡತ ಹೊಳೆಯುತ್ತದೆ. ಆಗ ಡಿಟಿಪಿಯವರ ಮಾತು ಬರುತ್ತದೆ: ‘ನುಡಿಗೆ ಹಾಕಿ ಕೊಡಿ.’ ಅವರು ಕೇಳುವುದು ಹಳೆಯ ಆಸ್ಕಿ ನುಡಿ. ಅದರಲ್ಲಿ ‘ಕನ್ನಡ’ ಎಂಬ ಪದ ಒಳಗೆ ಕನ್ನಡವೇ ಅಲ್ಲ: ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಪೌಂಡ್ ಹಣದ ಗುರುತು, ಮತ್ತೆ ಗೀಟಿನ ಎ, ಜರ್ಮನರ ಜೋಡಿ ಎಸ್, ಕ್ಯೂ, ಇನ್ನೊಂದು ಗೀಟಿನ ಎ. ಈ ಏಳು ವೇಷಗಳಿಗೆ ಫಾಂಟಿನ ಬಣ್ಣ ಹಚ್ಚಿದಾಗಷ್ಟೇ ಕನ್ನಡದ ಮುಖ. ಫಾಂಟು ಕಳಚಿದರೆ ಯಕ್ಷಗಾನದ ಚೌಕಿಯಲ್ಲಿ ಬಣ್ಣ ಒರೆಸಿಕೊಂಡ ಪಾತ್ರದಂತೆ ಗುರುತೇ ಸಿಗದು. ಯೂನಿಕೋಡಿಗೆ ಅದೇ ಪದ ಐದು ಸಂಕೇತ, ಐದೂ ಕನ್ನಡದವು.

ಪರಿವರ್ತಕಗಳೇನೋ ಇವೆ. ಆದರೆ ಒಮ್ಮೆ ಆಸ್ಕಿಗೆ ಇಳಿದ ಬರಹದ ಮುಂದಿನ ತಿದ್ದುಪಡಿಗಳೆಲ್ಲ ಡಿಟಿಪಿ ಅಂಗಡಿಯ ಒಂದು ಕಂಪ್ಯೂಟರಿನಲ್ಲಿ, ಕಾಗದದ ಪ್ರೂಫಿನ ಮೇಲೆ ನಡೆಯುತ್ತವೆ. ಹಂಚಿಕೊಂಡ ಹಾಳೆ ಹಳತಾಗಿ ಮೂಲೆ ಸೇರುತ್ತದೆ. ಎರಡನೆಯ ಮುದ್ರಣದ ದಿನ ಸರಿಯಾದ ಪ್ರತಿ ಯಾರಲ್ಲೂ ಇರುವುದಿಲ್ಲ. ‘ಯೂನಿಕೋಡಿನಲ್ಲಿ ಚೆಂದದ ಅಕ್ಷರವಿಲ್ಲ’ ಎಂಬ ಹಳೆಯ ನೆಪ ಈಗ ನಡೆಯದು. ನೋಟೋ ಸೆರಿಫ್ ಕನ್ನಡ, ಟಿರೋ ಕನ್ನಡ, ಅನೇಕ್ ಕನ್ನಡ, ಬೆಣ್ಣೆ, ಹುಬ್ಬಳ್ಳಿ, ಇವೆಲ್ಲ ಪುಕ್ಕಟೆಯಾಗಿ ಸಿಗುತ್ತವೆ. ಇನ್‌ಡಿಸೈನ್ ಎಂಬ ಪುಟ ಜೋಡಿಸುವ ತಂತ್ರಾಂಶ 2012ರ ಆವೃತ್ತಿಯಿಂದಲೇ ಕನ್ನಡದ ಒತ್ತುಗಳನ್ನು ಸರಿಯಾಗಿ ಕೂರಿಸುತ್ತಿದೆ. 1970ರಲ್ಲೇ ದಿನಪತ್ರಿಕೆ ಹೊರಡಿಸಿದ ಮಣಿಪಾಲದ ನೆರೆಹೊರೆಯಲ್ಲಿ ಮುದ್ರಣ ಇನ್ನೂ ಪೇಜ್‌ಮೇಕರಿನಲ್ಲೇ ಕುಳಿತಿರುವುದಕ್ಕೆ ಅಭ್ಯಾಸಬಲವೊಂದೇ ಕಾರಣ.

ಉಳಿದದ್ದು ಆಯ್ಕೆ. ನಾಲ್ಕಾರು ಜನ ಕೂಡಿ ಕನ್ನಡದಲ್ಲಿ ಬರೆಯುವ ಕೆಲಸಕ್ಕೆ ಡಾಕ್ಸ್ ಮುಂದು. ಕನ್ನಡ ಮಾತನ್ನು ಕೇಳಿಸಿಕೊಂಡು ಬರೆಯುವುದು, ಹಳೆಯ ಪುಸ್ತಕದ ಪುಟದ ಫೋಟೋವನ್ನು ಡ್ರೈವಿಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರಗಳನ್ನು ಬಿಡಿಸಿ ಕೊಡುವುದು, ಇವೆರಡೇ ಅದರ ಪಾಲಿಗೆ ಸಾಕು. ಒಂಟಿಯಾಗಿ ನಿರುಮ್ಮಳವಾಗಿ ಬರೆಯಲು ಜೋಹೋದ ಹಾಳೆ ಹೆಚ್ಚು ಚೊಕ್ಕ. ಪ್ರಕಾಶಕರು ವರ್ಡ್ ಕಡತವನ್ನೇ ಬೇಡಿದರೆ ವರ್ಡ್‌ನಲ್ಲೇ ಬರೆಯುವುದು ಲೇಸು, ರೂಪಾಂತರದ ಗೊಡವೆ ತಪ್ಪುತ್ತದೆ. ಆಟಿ ತಿಂಗಳ ಮಳೆಗೆ ಕರೆಂಟು, ನೆಟ್ಟು ಎರಡೂ ಹೋದ ದಿನಕ್ಕೆ ಡಾಕ್ಸ್‌ನ ಆಫ್‌ಲೈನ್ ವ್ಯವಸ್ಥೆಯನ್ನು ಬಿಸಿಲಿದ್ದಾಗಲೇ ಮಾಡಿಟ್ಟಿರಬೇಕು. ಆಗದವರಿಗೆ ಲಿಬ್ರೆಆಫೀಸ್ ಇದ್ದೇ ಇದೆ.

ಸ್ಮರಣ ಸಂಚಿಕೆಯ ಸಮಿತಿ ಮೊದಲ ಸಭೆಯಲ್ಲೇ, ಲೇಖನ ಆಹ್ವಾನಿಸುವುದಕ್ಕೂ ಮುಂಚೆ, ಡಿಟಿಪಿಯವರನ್ನು ಕೇಳಲಿ: ಯೂನಿಕೋಡ್ ಕಡತವನ್ನು ಇದ್ದಂತೆಯೇ ಇನ್‌ಡಿಸೈನ್‌ಗೆ ಹಾಕುತ್ತೀರಾ? ಇಲ್ಲವೆಂದರೆ ಬೇರೆ ಅಂಗಡಿ ನೋಡುವುದು.