ಕೀಲಿಮಣೆಯ ಪರವಾಗಿ

ಲ್ಯಾಪ್‌ಟಾಪುಗಳ ಪ್ರೊಸೆಸರುಗಳ ಹೆಸರಿಗೆ ಅಂಟಿಕೊಂಡು ಬರುವ ಅಂಕೆಗಳ ಅರ್ಥವನ್ನು ಈ ವಾರ ಬಿಡಿಸಿ ಹೇಳುವೆನೆಂದು ಕಳೆದ ವಾರದ ಅಂಕಣದ ಕೊನೆಯಲ್ಲಿ ಮಾತು ಕೊಟ್ಟಿದ್ದೆನಾದ್ದರಿಂದ ಆ ಋಣವನ್ನು ಮೊದಲು ತೀರಿಸುತ್ತೇನೆ. ಎಎಂಡಿ ಸಂಸ್ಥೆಯ ರೈಜೆನ್ 7520ಯು ಮತ್ತು 7530ಯು ಎಂಬ ಎರಡು ಪ್ರೊಸೆಸರುಗಳ ಹೆಸರಿನಲ್ಲಿ ಭೇದ ಅತ್ಯಲ್ಪ. ಒಳಗೆ ಮಾತ್ರ ಒಂದು ತಲೆಮಾರಿನ ಅಂತರವಿದೆ. ಮೊದಲ ಅಂಕೆ ಸಂಸ್ಥೆಯು ಗೊತ್ತುಪಡಿಸಿದ ಮಾದರಿ ವರ್ಷವನ್ನು ಸೂಚಿಸುತ್ತದೆಯೇ ಹೊರತು ವಿನ್ಯಾಸವನ್ನಲ್ಲ. ವಿನ್ಯಾಸವನ್ನು ಸೂಚಿಸುವುದು ಮೂರನೆಯ ಅಂಕೆ. ಆದುದರಿಂದ 7520ರೊಳಗೆ ಇರುವುದು 2019ರಲ್ಲಿ ಮೊದಲು ಹೊರಬಂದ ಜೆನ್ 2 ವಿನ್ಯಾಸ. 7530ರೊಳಗೆ ಇರುವುದು ಅದರ ಮುಂದಿನ ಜೆನ್ 3. ಇದಲ್ಲದೆ 7520ರ ಜೊತೆಗೆ ಬರುವ ರ‍್ಯಾಮ್ ಮದರ್‌ಬೋರ್ಡಿಗೇ ಬೆಸುಗೆಗೊಂಡಿರುವುದರಿಂದ, ಮುಂದೆಂದಾದರೂ ಅದನ್ನು ಹೆಚ್ಚಿಸಿಕೊಳ್ಳುವ ಆಸೆಯನ್ನು ಕೊಳ್ಳುವ ದಿನವೇ ಬಿಡಬೇಕಾಗುತ್ತದೆ. ಅಂಕೆಗಳ ವಿಷಯದಲ್ಲಿ ವಿದ್ಯಾರ್ಥಿಯ ತಂದೆತಾಯಿಗಳು ತಿಳಿಯಬೇಕಾದುದು ಇಷ್ಟು ಸಾಕು.

ಇಷ್ಟು ಬರೆದ ಮೇಲೆ, ಕಾಲೇಜು ಸೇರುವ ಈ ಋತುವಿನಲ್ಲಿ ಓದುಗರಿಂದ ಬಂದಿರುವ ಪತ್ರಗಳನ್ನು ಮತ್ತೊಮ್ಮೆ ತಿರುವಿಹಾಕಿದಾಗ, ಅಂಕೆಗಳಿಗಿಂತ ಮುಖ್ಯವಾದ ವಿಷಯವೊಂದು ಯಾರ ಗಮನಕ್ಕೂ ಬಾರದೆ ಉಳಿದುಹೋಗಿದೆಯೆಂದು ನನಗೆ ತೋರಿತು. ಎಷ್ಟು ಜಿಬಿ, ಯಾವ ಜನರೇಷನ್, ಎಷ್ಟು ಗ್ರಾಂ ತೂಕ ಎಂದು ಎಲ್ಲರೂ ಕೇಳುತ್ತಾರೆ. ಕೀಲಿಮಣೆ ಹೇಗಿದೆಯೆಂದು ಕೇಳಿದವರು ಒಬ್ಬರೂ ಇಲ್ಲ. ಪದವಿಯ ಮೂರು ನಾಲ್ಕು ವರ್ಷಗಳ ಕಾಲ, ಟಿಪ್ಪಣಿಗಳಿಗೂ ಸೆಮಿನಾರುಗಳಿಗೂ ಪ್ರಾಜೆಕ್ಟ್ ವರದಿಗಳಿಗೂ ಪ್ರೋಗ್ರಾಮುಗಳಿಗೂ ಉದ್ಯೋಗದ ಅರ್ಜಿಗಳಿಗೂ ವಿದ್ಯಾರ್ಥಿಯ ಬೆರಳುಗಳು ದಿನದಿನವೂ ಆಶ್ರಯಿಸುವ ಅಂಗವು ಯಂತ್ರದಲ್ಲಿ ಇದೊಂದೇ ಆಗಿರುವಾಗ, ಅದನ್ನು ಮುಟ್ಟಿಯೂ ನೋಡದೆ ಹಣ ತೆರುವುದು ನನಗೆ ಬಹಳ ಖೇದವನ್ನುಂಟುಮಾಡುತ್ತದೆ.

ಈ ಉಪೇಕ್ಷೆಗೆ ಮೂಲಕಾರಣ, ಕಳೆದ ದಶಕದಿಂದ ಲ್ಯಾಪ್‌ಟಾಪುಗಳ ಲೋಕವನ್ನು ಆಳುತ್ತಿರುವ, ಈ ಅಂಕಣವು ಮೊದಲಿನಿಂದಲೂ ವಿರೋಧಿಸುತ್ತ ಬಂದಿರುವ ತೆಳುತನದ ವ್ಯಾಮೋಹ. ಯಂತ್ರವು ಒಂದೊಂದು ಮಿಲಿಮೀಟರು ತೆಳುವಾದಾಗಲೂ ಅದರ ಬೆಲೆಯನ್ನು ಮೊದಲು ತೆರುವುದು ಕೀಲಿಯೇ, ಏಕೆಂದರೆ ಅದು ಕೆಳಗಿಳಿಯಲು ಬೇಕಾದ ಆಳ ಅಲ್ಲಿ ಉಳಿದಿರುವುದಿಲ್ಲ. 2015ರಲ್ಲಿ ಆ್ಯಪಲ್ ಸಂಸ್ಥೆಯು ಇದೇ ಹಾದಿಯಲ್ಲಿ ನಡೆದು ‘ಬಟರ್‌ಫ್ಲೈ’ ಎಂಬ ಹೊಸ ಬಗೆಯ ಕೀಲಿಯನ್ನು ತಂದಿತು. ಧೂಳಿನ ಸಣ್ಣ ಕಣವೊಂದು ಒಳಹೊಕ್ಕರೂ ಕೀಲಿಯು ಕಚ್ಚಿಕೊಳ್ಳುವುದು, ಒಮ್ಮೆ ಒತ್ತಿದರೆ ಅಕ್ಷರವು ಎರಡು ಸಲ ಮೂಡುವುದು ಮೊದಲಾದ ದೂರುಗಳು ಪ್ರಪಂಚದ ಎಲ್ಲೆಡೆಯಿಂದ ಬಂದುವು. 2018ರಲ್ಲಿ ಸಂಸ್ಥೆಯು ಉಚಿತ ದುರಸ್ತಿಯನ್ನು ಘೋಷಿಸಿತು. 2019ರ ಕೊನೆಗೆ ಹಳೆಯ ಕತ್ತರಿ ಮಾದರಿಯ ಕೀಲಿಗೆ ಹಿಂದಿರುಗಿತು. ಅಮೆರಿಕದ ಗ್ರಾಹಕರು ಹೂಡಿದ ದಾವೆ 2022ರಲ್ಲಿ 5 ಕೋಟಿ ಡಾಲರುಗಳ ರಾಜಿಯಲ್ಲಿ ಮುಗಿಯಿತು. ಅಷ್ಟು ದೊಡ್ಡ ಸಂಸ್ಥೆ ಅಷ್ಟು ದುಬಾರಿಯಾಗಿ ಕಲಿತ ಪಾಠವನ್ನು ಅಗ್ಗದ ಯಂತ್ರಗಳ ತಯಾರಕರು ಇನ್ನೂ ಕಲಿತಿಲ್ಲವೆಂಬುದಕ್ಕೆ ಯಾವ ಅಂಗಡಿಯ ಮೇಜಿನ ಮೇಲಾದರೂ ಸಾಕ್ಷ್ಯ ದೊರೆಯುತ್ತದೆ.

ಕನ್ನಡದಲ್ಲಿ ಬರೆಯುವವರಿಗಂತೂ ಈ ಕಷ್ಟ ಇಮ್ಮಡಿಯಾಗಿದೆ. ಕೆ.ಪಿ. ರಾಯರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ನಾಡಿನಲ್ಲೆಲ್ಲ ಹರಡಿದ ಕೀಲಿವಿನ್ಯಾಸವು ನಮ್ಮ ವರ್ಣಮಾಲೆಯನ್ನು ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳೊಳಗೆ ಅಡಕಗೊಳಿಸಿದ ಅತ್ಯಂತ ಬುದ್ಧಿವಂತಿಕೆಯ ಏರ್ಪಾಡು. ಅಲ್ಪಪ್ರಾಣವಿರುವ ಕೀಲಿಯಲ್ಲೇ ಶಿಫ್ಟ್ ಹಿಡಿದರೆ ಮಹಾಪ್ರಾಣ, ಹ್ರಸ್ವವಿರುವಲ್ಲಿಯೇ ಶಿಫ್ಟ್ ಹಿಡಿದರೆ ದೀರ್ಘ, ಒತ್ತಕ್ಷರಕ್ಕೆ ನಡುವೆ ಎಫ್ ಕೀಲಿ. ‘ಭಾಷಾಶಾಸ್ತ್ರ’ ಎಂಬ ಒಂದು ಪದವನ್ನು ಟೈಪ್ ಮಾಡಿ ನೋಡಿ: ಒಟ್ಟು ಹನ್ನೊಂದು ಒತ್ತುಗಳು, ಅವುಗಳಲ್ಲಿ ಭಕಾರ, ಶಕಾರ ಮತ್ತು ಮೂರು ದೀರ್ಘಗಳು, ಅಂತು ಐದು, ಶಿಫ್ಟನ್ನು ಬೇಡುತ್ತವೆ. ಇಂಗ್ಲಿಷ್ ಬರೆಯುವವನು ವಾಕ್ಯಕ್ಕೊಮ್ಮೆ ಮುಟ್ಟುವ ಕೀಲಿಯನ್ನು ಕನ್ನಡ ಬರೆಯುವವಳು ಪದಪದಕ್ಕೂ ಮುಟ್ಟಬೇಕು. ಹೀಗಿರಲಾಗಿ, ಬಾಣದ ಗುರುತಿನ ಕೀಲಿಗಳಿಗೆ ಎಡೆಮಾಡಿಕೊಡಲೆಂದು ಬಲಗಡೆಯ ಶಿಫ್ಟನ್ನು ಅರ್ಧಕ್ಕೆ ಮೊಟಕುಗೊಳಿಸಿರುವ, ನಡುವಿನಲ್ಲಿ ಒತ್ತಿದರೆ ಮಾತ್ರ ಓಗೊಡುವ ಕೀಲಿಮಣೆಯಲ್ಲಿ ಕನ್ನಡ ಎಂ.ಎ. ವಿದ್ಯಾರ್ಥಿನಿಯೊಬ್ಬಳು ನೂರು ಪುಟಗಳ ಪ್ರಬಂಧವನ್ನು ಬರೆದು ಮುಗಿಸುವ ಹೊತ್ತಿಗೆ ಅವಳ ಕಿರುಬೆರಳು ಪಡುವ ಪಾಡನ್ನು ಊಹಿಸಬಹುದು. ‘ಖಾತೆ’ ಎಂದು ಒತ್ತಿದ್ದು ‘ಕತೆ’ ಎಂದು ಮೂಡಿದರೆ ದೋಷ ಅವಳದಲ್ಲ, ಯಂತ್ರದ್ದು.

ಹಾಗಾದರೆ ಮಿತವ್ಯಯದಲ್ಲಿ ಒಳ್ಳೆಯ ಕೀಲಿಮಣೆ ಎಲ್ಲಿ ದೊರೆಯುತ್ತದೆ? ಕಂಪನಿಗಳ ಉದ್ಯೋಗಿಗಳಿಗಾಗಿ ತಯಾರಾದ ಯಂತ್ರಗಳಲ್ಲಿ. ಲೆನೊವೊದ ಥಿಂಕ್‌ಪ್ಯಾಡ್ ಟಿ ಸಾಲು, ಡೆಲ್ಲಿನ ಲ್ಯಾಟಿಟ್ಯೂಡ್, ಎಚ್‌ಪಿಯ ಎಲೈಟ್‌ಬುಕ್, ಇವು ಹೊಸದಾಗಿರುವಾಗ ನಮ್ಮಂಥವರ ಕೈಗೆ ಎಟುಕುವಂಥವಲ್ಲ. ಮೂರು ನಾಲ್ಕು ವರ್ಷ ದುಡಿದು ಕಂಪನಿಯಿಂದ ಹೊರಬಿದ್ದ ಮೇಲೆ ಶುಚಿಗೊಂಡು 20,000ದಿಂದ 30,000 ರೂಪಾಯಿಗಳ ಆಸುಪಾಸಿಗೆ ಬರುತ್ತವೆ. ನನ್ನ ಅಚ್ಚುಮೆಚ್ಚಿನದು 2018ರ ಥಿಂಕ್‌ಪ್ಯಾಡ್ ಟಿ480. ರ‍್ಯಾಮಿಗೆ ಎರಡು ಸ್ಲಾಟುಗಳು. ಬ್ಯಾಟರಿಯೂ ಎರಡು, ಒಳಗೊಂದು ಹೊರಗೊಂದು, ಹೊರಗಿನದನ್ನು ಯಂತ್ರ ನಿಲ್ಲಿಸದೆಯೇ ಬದಲಿಸಬಹುದು. ಕೀಲಿಗಳ ಮೇಲೆ ನೀರು ಚೆಲ್ಲಿದರೆ ಕೆಳಗೆ ಹರಿದುಹೋಗಲು ತೂಬು. ಅಗ್ಗದ ಹೊಸ ಯಂತ್ರಗಳಲ್ಲಿ ಅನೇಕವುಗಳ ಕೀಲಿಮಣೆಯನ್ನು ಪ್ಲಾಸ್ಟಿಕ್ ಮೊಳೆಗಳನ್ನು ಕರಗಿಸಿ ಮೇಲುಕವಚಕ್ಕೇ ಬೆಸೆದಿರುತ್ತಾರಾದ್ದರಿಂದ ಒಂದು ಕೀಲಿ ಕೆಟ್ಟರೆ ಕವಚವನ್ನೇ ಕೊಳ್ಳಬೇಕಾದೀತು. ಟಿ480ರಲ್ಲಾದರೋ ಕೀಲಿಮಣೆಯೊಂದನ್ನೇ ಬಿಡಿಯಾಗಿ ಬದಲಿಸಬಹುದು.

ಇವೆಲ್ಲಕ್ಕಿಂತ ಮಿಗಿಲಾಗಿ ನನ್ನನ್ನು ಒಲಿಸಿಕೊಂಡಿರುವುದು ಆ ಯಂತ್ರದೊಡನೆ ತಯಾರಕರು ಪ್ರಕಟಿಸಿರುವ ದುರಸ್ತಿ ಕೈಪಿಡಿ. ಬೇಕಾದವರಿಗೆಲ್ಲ ಉಚಿತವಾಗಿ ದೊರೆಯುವ ಈ ಗ್ರಂಥವನ್ನು ನಾನು ಯಂತ್ರವನ್ನು ಬಿಚ್ಚುವ ಪ್ರಸಂಗವಿಲ್ಲದಿದ್ದಾಗಲೂ ಓದುವುದುಂಟು. ಒಳಗೆ ಕೈಯಿಡುವ ಮುನ್ನ ಅಂತರ್ಗತ ಬ್ಯಾಟರಿಯನ್ನು ಸೆಟಪ್ಪಿನಿಂದ ನಿಷ್ಕ್ರಿಯಗೊಳಿಸಬೇಕೆಂಬ ಎಚ್ಚರಿಕೆಯಿಂದ ತೊಡಗಿ, ಯಾವ ಭಾಗಕ್ಕೆ ಮೊದಲು ಯಾವುದನ್ನು ಕಳಚಬೇಕು, ಯಾವ ತಿರುಪು ಎಲ್ಲಿಯದು ಎಂಬುದನ್ನು ಚಿತ್ರಸಹಿತವಾಗಿ ವಿವರಿಸುವ ಆ ಪುಟಗಳಲ್ಲಿ ಒಂದೂ ಅನಾವಶ್ಯಕ ಶಬ್ದವಿಲ್ಲ. ಓದುಗನು ತನ್ನ ವಸ್ತುವನ್ನು ತಾನೇ ದುರಸ್ತಿ ಮಾಡಿಕೊಳ್ಳಲು ಶಕ್ತನೆಂಬ ಗೌರವವು ಅದರ ಪ್ರತಿ ಸಾಲಿನಲ್ಲಿಯೂ ಇದೆ. ಎಂಜಿನಿಯರಿಂಗ್ ಕಾಲೇಜಿಗೆ ಸೇರುವ ಹುಡುಗನಿಗೆ ಯಂತ್ರದ ಜೊತೆಗೆ ಈ ಕೈಪಿಡಿಯನ್ನೂ ಮುದ್ರಿಸಿ ಕೊಡಿರೆಂದು ಹಿರಿಯರಲ್ಲಿ ನನ್ನ ವಿನಂತಿ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥ ಯಂತ್ರಗಳು ರಾಶಿರಾಶಿಯಾಗಿ ಸಿಗುತ್ತವೆ, ಆದರೆ ಅಲ್ಲಿ ಕಣ್ಣು ತೆರೆದಿರಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ವಿಧಿಬದ್ಧವಾಗಿ ನಡೆಯಲು ಇಂಟೆಲ್ಲಿನ ಎಂಟನೆಯ ಜನರೇಷನ್ನಾದರೂ ಬೇಕು. ಆರು ಏಳನೆಯವು ಅಗ್ಗವಾಗಿ ಕಣ್ಸೆಳೆಯುತ್ತಿರುವುದಕ್ಕೆ ಇದೂ ಒಂದು ಕಾರಣ. ಲಿನಕ್ಸ್ ಬಳಸುವವರ ಹೊರತು ಬೇರೆಯವರು ಅವನ್ನು ಕೊಳ್ಳಬಾರದು. ಯಂತ್ರ ಆರಂಭವಾಗುವಾಗ ಥಿಂಕ್‌ಪ್ಯಾಡಿನಲ್ಲಿ ಎಫ್1, ಡೆಲ್ಲಿನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10 ಒತ್ತಿ ಸೆಟಪ್ ತೆರೆಯಿರಿ. ಪಾಸ್‌ವರ್ಡ್ ಕೇಳಿತೆಂದರೆ ಹಳೆಯ ಕಂಪನಿಯ ಬೀಗ ಇನ್ನೂ ಬಿದ್ದಿದೆಯೆಂದು ಅರ್ಥ. ಅದನ್ನು ಅಲ್ಲೇ ಬಿಟ್ಟು ಬನ್ನಿ. ವಿಂಡೋಸಿನ ಬ್ಯಾಟರಿ ರಿಪೋರ್ಟನ್ನು ತೆರೆಸಿ, ತಯಾರಾದಾಗಿನ ಸಾಮರ್ಥ್ಯವನ್ನೂ ಈಗ ಪೂರ್ತಿ ಚಾರ್ಜಾದಾಗ ಉಳಿದಿರುವುದನ್ನೂ ಹೋಲಿಸಿ. ಅರ್ಧಕ್ಕಿಂತ ಕಡಿಮೆಯಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಕಳೆದು ಮಾತಾಡಿ. ರ‍್ಯಾಮ್ 8 ಜಿಬಿಗೂ ಎಸ್‌ಎಸ್‌ಡಿ 256 ಜಿಬಿಗೂ ಕಡಿಮೆಯಿರಬಾರದು. ಪರದೆ ಐಪಿಎಸ್ ಆಗಿರಲಿ. ಜಿಎಸ್‌ಟಿ ಸಹಿತ ಬಿಲ್ಲನ್ನೂ ವಾರಂಟಿಯನ್ನೂ ಬರಹದಲ್ಲಿ ಪಡೆಯಿರಿ.

ಮೂರು ಆಯಾಮದ ವಿನ್ಯಾಸವನ್ನೋ ವಿಡಿಯೊ ಸಂಕಲನವನ್ನೋ ಅಭ್ಯಸಿಸುವವರಿಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಬೇಕಾಗುವುದರಿಂದ ಅವರ ದಾರಿ ಬೇರೆ. ಟ್ಯಾಲಿ ಕಲಿಯುವ ಬಿ.ಕಾಂ. ವಿದ್ಯಾರ್ಥಿಗೂ ಪೈಥಾನ್ ಕಲಿಯುವ ಬಿ.ಸಿ.ಎ. ವಿದ್ಯಾರ್ಥಿನಿಗೂ ಕನ್ನಡ ಸಾಹಿತ್ಯವನ್ನೋದುವ ಬಿ.ಎ. ವಿದ್ಯಾರ್ಥಿಗೂ ಮೇಲೆ ಹೇಳಿದ ಯಂತ್ರವು ಧಾರಾಳವಾಗಿ ಸಾಕು. ಅದೇ ಬೆಲೆಯ, ಅಥವಾ ಅದಕ್ಕಿಂತ ಹತ್ತು ಸಾವಿರ ಹೆಚ್ಚಿನ ಹೊಳೆಯುವ ಹೊಸ ಯಂತ್ರಕ್ಕಿಂತ ಇದು ಉತ್ತಮವೆಂಬುದು ನನ್ನ ದೃಢವಾದ ಅಭಿಪ್ರಾಯ. ಅಂಗಡಿಗೆ ಹೋಗುವಾಗ ಅದನ್ನು ಬಳಸುವ ಮಗನನ್ನೋ ಮಗಳನ್ನೋ ತಪ್ಪದೆ ಜೊತೆಗೆ ಕರೆದೊಯ್ಯಿರಿ. ಹಣ ಎಣಿಸುವ ಮುನ್ನ ಅವರು ಅಲ್ಲಿಯೇ ಕುಳಿತು ಒಂದು ಪುಟ ಕನ್ನಡವನ್ನು ಟೈಪ್ ಮಾಡಲಿ. ಅದಕ್ಕೆ ಅವಕಾಶ ಕೊಡದ ಅಂಗಡಿಯಲ್ಲಿ ಕೊಳ್ಳಬೇಡಿ.