ಕೋಣಗಳನ್ನು ಬಿಟ್ಟು ಹಂಚಿದ ಓಟ

2020ರ ಫೆಬ್ರವರಿ 1ರಂದು ದಕ್ಷಿಣ ಕನ್ನಡದ ಐಕಳದಲ್ಲಿ ಕಂಬಳ ನಡೆಯಿತು. ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು ಓಡಿಸಿದ ಕೋಣಗಳ ಜೋಡಿ 142.5 ಮೀಟರ್ ಉದ್ದದ ಕೆಸರಿನ ಕರೆಯನ್ನು (ಓಟದ ಹಾದಿಯನ್ನು) 13.62 ಸೆಕೆಂಡಿನಲ್ಲಿ ಮುಗಿಸಿತು. ಕಂಬಳದವರಿಗೆ ಅದೇ ದೊಡ್ಡ ಸುದ್ದಿ. ಲೇಸರ್ ಕಿರಣ, ಎಲೆಕ್ಟ್ರಾನಿಕ್ ಗಡಿಯಾರ ಕರೆಯ ತುದಿಗೆ ಬಂದ ಮೇಲೆ ಸೆಕೆಂಡಿನ ನೂರನೇ ಒಂದು ಪಾಲನ್ನೂ ಹಿಡಿದು ಲೆಕ್ಕ ಹಾಕುವ ಚಟ ಅಲ್ಲಿ ಬೆಳೆದಿತ್ತು. ಹೊಸ ವೇಗ ದಾಖಲಾದರೆ ಯಾವ ಜೋಡಿ, ಯಾರ ಮನೆಯ ಕೋಣ, ಯಾರು ಓಡಿಸಿದ್ದು ಎಂದು ಕೇಳುವ ಜನ ಆ ಊರುಗಳಲ್ಲಿ ಸಾಕಷ್ಟಿದ್ದಾರೆ.

ಎರಡು ವಾರ ಕಳೆಯುವಷ್ಟರಲ್ಲಿ ಅದೇ ಓಟ ಬೇರೆಯೇ ಸುದ್ದಿಯಾಗಿ ಲೋಕ ಸುತ್ತುತ್ತಿತ್ತು. ಯಾರೋ 13.62ನ್ನು ನೂರು ಮೀಟರಿಗೆ ಇಳಿಸಿದರು. 9.55 ಬಂತು. ಉಸೇನ್ ಬೋಲ್ಟ್ 2009ರ ಆಗಸ್ಟ್ 16ರಂದು ಬರ್ಲಿನ್‌ನಲ್ಲಿ ಓಡಿದ್ದು 9.58. ಇನ್ನೇನು ಬೇಕು? ಬರಿಗಾಲಿನ ಕೂಲಿಕಾರ್ಮಿಕ, ಕೆಸರುಗದ್ದೆ, ಜಗತ್ತಿನ ಅತಿ ವೇಗದ ಮನುಷ್ಯ, ನಡುವೆ 0.03 ಸೆಕೆಂಡು. ಟ್ವಿಟರ್, ಫೇಸ್‌ಬುಕ್, ಕುಟುಂಬದ ವಾಟ್ಸ್‌ಆ್ಯಪ್ ಗುಂಪುಗಳು, ಕಡೆಗೆ ಬಿಬಿಸಿ, ಸಿಎನ್‌ಎನ್ ಕೂಡ ಅದನ್ನು ಎತ್ತಿಕೊಂಡವು. ಉದ್ಯಮಿ ಆನಂದ್ ಮಹೀಂದ್ರಾ ಕ್ರೀಡಾ ಸಚಿವರ ಗಮನ ಸೆಳೆದರು. ಸಚಿವ ಕಿರಣ್ ರಿಜಿಜು, ಗೌಡರನ್ನು ಕರೆಸಿ ಭಾರತೀಯ ಕ್ರೀಡಾ ಪ್ರಾಧಿಕಾರದ ಕೋಚ್‌ಗಳಿಂದ ಪರೀಕ್ಷೆ ನಡೆಸುವುದಾಗಿ ಫೆಬ್ರವರಿ 15ರಂದು ಸಾರಿದರು. 17ರಂದು ಮುಖ್ಯಮಂತ್ರಿ ಯಡಿಯೂರಪ್ಪ ಗೌಡರನ್ನು ಬೆಂಗಳೂರಿಗೆ ಕರೆಸಿಕೊಂಡು 3 ಲಕ್ಷ ರೂಪಾಯಿ ಬಹುಮಾನ ಕೊಟ್ಟರು.

ಕುತೂಹಲದ ಸುದ್ದಿಯೊಂದು ಕಣ್ಣಿಗೆ ಬಿದ್ದೊಡನೆ ಹಂಚಿ, ಅದರ ಕೆಳಗೆ ಒಂದು ಮಾತು ಸೇರಿಸುವ ಅಭ್ಯಾಸದ ಗುಣದೋಷಗಳನ್ನು ನೋಡಲು ಈ ಪ್ರಕರಣ ಹೇಳಿಮಾಡಿಸಿದಂತಿದೆ. ಕಾರಣ, ಇಲ್ಲಿ ಸುಳ್ಳು ಎಂಬುದೇ ಇಲ್ಲ. ಹಂಚಿಕೆಯ ಬಗ್ಗೆ ಮಾತೆತ್ತಿದರೆ ಎಲ್ಲರೂ ಸುಳ್ಳುಸುದ್ದಿಯತ್ತ ಓಡುತ್ತಾರೆ. ಟ್ವಿಟರ್‌ನಲ್ಲಿ ಸುಳ್ಳು ನಿಜಕ್ಕಿಂತ ವೇಗವಾಗಿ ಹರಡುತ್ತದೆ ಎಂದು ಎಂಐಟಿಯ ಸಂಶೋಧಕರು 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದ್ದರು, ಸುಳ್ಳಿನಲ್ಲಿರುವ ಹೊಸತನವೇ ಅದಕ್ಕೆ ಬಲ ಎಂದೂ ಸೂಚಿಸಿದ್ದರು. ಐಕಳದ ಸುದ್ದಿಯಲ್ಲಿ ಹೊಸತನ ಬೇಕಾದಷ್ಟಿತ್ತು, ಆದರೆ ಉದ್ದ ನಿಜ, ಸಮಯ ನಿಜ, ಭಾಗಾಕಾರವೂ ಹೆಚ್ಚುಕಡಿಮೆ ಸರಿ. ಸತ್ಯಶೋಧಕರು ಕೆಂಪು ಮುದ್ರೆ ಒತ್ತಲು ಜಾಗವೇ ಇರಲಿಲ್ಲ. ಕೆಟ್ಟದ್ದು ಹೋಲಿಕೆ ಒಂದೇ. ಮತ್ತು ಜನ ಹಂಚಿದ್ದು ಆ ಹೋಲಿಕೆಯನ್ನೇ.

ಹೋಲಿಕೆ ಎಲ್ಲಿ ಕೆಟ್ಟಿತು ಎಂದು ಬೋಲ್ಟ್ ಅವರ ಓಟದಿಂದಲೇ ತೋರಿಸಬಹುದು. ನೂರು ಮೀಟರ್ ಓಟದಲ್ಲಿ ನಿಂತಲ್ಲಿಂದ ವೇಗ ಪಡೆಯಬೇಕು. ಆರಂಭದ ಮೀಟರುಗಳು ನಿಧಾನ. ದೂರ ಸ್ವಲ್ಪ ಹೆಚ್ಚಿದರೆ ಆ ನಷ್ಟ ಹಂಚಿಹೋಗಿ ಸರಾಸರಿ ಚೆನ್ನಾಗಿ ಕಾಣುತ್ತದೆ. 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್‌ನ ಬೀದಿಯಲ್ಲಿ ಹಾಸಿದ ಟ್ರ್ಯಾಕಿನ ಮೇಲೆ ಬೋಲ್ಟ್ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದರು. ಸೆಕೆಂಡಿಗೆ ಸರಾಸರಿ 10.45 ಮೀಟರ್. ಗೌಡರದ್ದು 10.46. ಅಂದರೆ ಸರಿಸಾಟಿಯ ದೂರ ಹುಡುಕಿದರೂ ಅಂಕಿ ಹತ್ತಿರ ಹತ್ತಿರವೇ ಬರುತ್ತದೆ, ತಮಾಷೆ ಎಂದರೆ ಇದೇ. ಆದರೆ ಮ್ಯಾಂಚೆಸ್ಟರ್ ಓಟದ ಕೊನೆಯ ನೂರು ಮೀಟರಿಗೆ ಬೋಲ್ಟ್ ತೆಗೆದುಕೊಂಡದ್ದು 8.70 ಸೆಕೆಂಡು. ಅದನ್ನು ಯಾರೂ ವಿಶ್ವದಾಖಲೆ ಎಂದು ಬರೆದುಕೊಳ್ಳಲಿಲ್ಲ. ಒಂದು ಓಟದ ತುಂಡನ್ನೋ ಸರಾಸರಿಯನ್ನೋ ಕತ್ತರಿಸಿ ಇನ್ನೊಂದು ಓಟದ ಪಕ್ಕ ಇಡುವಂತಿಲ್ಲ ಎಂಬುದು ಅಥ್ಲೆಟಿಕ್ಸ್‌ನವರಿಗೆ ಮೊದಲ ಪಾಠ.

ಇದು ಗಣಿತದ ಮಾತಾಯಿತು. ಇದಕ್ಕಿಂತ ದೊಡ್ಡ ಲೋಪ ಚಿತ್ರದಲ್ಲೇ ಕಣ್ಣಿಗೆ ರಾಚುವಂತಿತ್ತು. ಗೌಡರ ಮುಂದೆ ಎರಡು ಕೋಣಗಳಿದ್ದವು!

ಕೋಣ ಓಡಿಸುವವನ ಕೈಯಲ್ಲಿ ಹಗ್ಗ ಇರುತ್ತದೆ, ಹಗ್ಗ ಓಡುತ್ತಿರುವ ಕೋಣಗಳಿಗೆ ಸೇರಿರುತ್ತದೆ. ಅವು ಅವನನ್ನು ಎಳೆಯುತ್ತವೆ, ಅವನು ಅವುಗಳನ್ನು ಅಟ್ಟುತ್ತಾನೆ. ಕೆಸರಿನಲ್ಲಿ ಮುಗ್ಗರಿಸದೆ, ಹಗ್ಗ ಬಿಡದೆ, ಜೋಡಿಯ ಎರಡು ಕೋಣಗಳೂ ಒಂದೇ ಲಯದಲ್ಲಿ ಸಾಗುವಂತೆ ನೋಡಿಕೊಂಡು ಕರೆಯ ಕೊನೆಯ ಗುರಿಯಾದ ಮಂಜೊಟ್ಟಿ ಮುಟ್ಟುವುದು ಅಸಾಮಾನ್ಯ ಕೌಶಲ. ಅದಕ್ಕೆ ಅದರದ್ದೇ ಶಾಸ್ತ್ರ ಇದೆ: ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಎಂದು ವಿಭಾಗಗಳು, ಕೋಣಗಳ ವಯಸ್ಸಿನ ಮೇಲೆ ಹಿರಿಯ, ಕಿರಿಯ ಎಂಬ ಭೇದ. ಕನೆ ಹಲಗೆಯಲ್ಲಂತೂ ವೇಗಕ್ಕಿಂತ, ಹಲಗೆಯಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಿತೇ ಎಂಬುದೇ ಮುಖ್ಯ. ಒಂದೊಂದು ಊರಿನ ಕರೆ ಒಂದೊಂದು ಉದ್ದ. ಐಕಳದ ಓಟ ಹಂಚಿಕೊಂಡ ಲಕ್ಷಾಂತರ ಜನರಲ್ಲಿ ಬಹುಪಾಲು ಮಂದಿಗೆ ಇದರಲ್ಲಿ ಒಂದಂಶವೂ ತಲುಪಲಿಲ್ಲ. ತಲುಪಿದ್ದು 9.55 ಎಂಬ ಅಂಕಿ, ಬಲಿಷ್ಠ ದೇಹದ ಒಂದು ಚಿತ್ರ, ಮತ್ತು ಒಲಿಂಪಿಕ್ಸ್‌ಗೆ ಕಳಿಸಿ ಎಂಬ ಒತ್ತಾಯ.

ಹಾಗೆಂದು ಪ್ರತಿಕ್ರಿಯೆಗಳೆಲ್ಲ ಜೊಳ್ಳಾಗಿರಲಿಲ್ಲ. ಕರಾವಳಿಯವರು, ಕೋಣ ಸಾಕಿದವರು, ಕಂಬಳ ನೋಡುತ್ತ ಬೆಳೆದವರು, ಮುಂಬಯಿಯಲ್ಲೋ ಕೊಲ್ಲಿಯಲ್ಲೋ ಕುಳಿತ ತುಳುವರು, ಹೆಮ್ಮೆಪಡುತ್ತಲೇ ತಿದ್ದುಪಡಿಯನ್ನೂ ಬರೆಯುತ್ತಿದ್ದರು. ಕೋಣ ಎಳೆಯುತ್ತದೆ ಸ್ವಾಮಿ ಎಂದು ಹೇಳಿದವರು ಅವರೇ. ಗೌಡರಿಗೆ ತರಬೇತಿ ಕೊಟ್ಟ ಕಂಬಳ ಅಕಾಡೆಮಿಯ ಪ್ರೊ. ಗುಣಪಾಲ ಕಡಂಬ, ಒಲಿಂಪಿಕ್ಸ್‌ನವರ ಮಾಪನ ವಿಧಾನ ಹೆಚ್ಚು ವೈಜ್ಞಾನಿಕ, ನಾವು ಯಾರೊಂದಿಗೂ ಹೋಲಿಸಿಕೊಳ್ಳಲು ಹೋಗುವುದಿಲ್ಲ ಎಂಬರ್ಥದಲ್ಲಿ ಸುದ್ದಿಗಾರರಿಗೆ ಹೇಳಿದರು. ಎಲ್ಲರಿಗಿಂತ ಚೊಕ್ಕಟವಾಗಿ ಮಾತಾಡಿದವರು ಶ್ರೀನಿವಾಸ ಗೌಡರೇ. ಬೋಲ್ಟ್ ವಿಶ್ವ ಚಾಂಪಿಯನ್, ತಾನು ಗದ್ದೆಯಲ್ಲಿ ಓಡುವವನು ಎಂದರು. ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಕಾಲ್ಬೆರಳುಗಳದ್ದು ಎಂದು ವಿವರಿಸಿದರು. ಕಂಬಳದಲ್ಲಿ ಕೋಣಗಳಿಗೂ ಪಾತ್ರವಿದೆ, ಟ್ರ್ಯಾಕಿನಲ್ಲಿ ಅದು ಇಲ್ಲ ಎಂದೂ ನೆನಪಿಸಿದರು. ಕಾಲಿಗೆ ಪೆಟ್ಟಾಗಿದೆ, ಸದ್ಯ ಕಂಬಳದ ಮೇಲೆಯೇ ಗಮನ ಎಂದು ಪರೀಕ್ಷೆಯಿಂದ ಹಿಂದೆ ಸರಿದರು. ಒಂದು ದೇಶವೇ ಹೊಗಳಿಕೆಯಲ್ಲಿ ಮುಳುಗಿಸಲು ಹೊರಟಾಗ ಇಷ್ಟು ಸಮಚಿತ್ತ ಉಳಿಸಿಕೊಂಡದ್ದು ಆ ಓಟದಷ್ಟೇ ಗಮನಾರ್ಹ.

ಈ ತಿದ್ದುಪಡಿಗಳೂ ಸುದ್ದಿಯೇ, ಮೂಲ ಸುದ್ದಿಗಿಂತ ರಸವತ್ತಾದವು ಕೂಡ. ಹಿಮ್ಮಡಿ ಮತ್ತು ಬೆರಳುಗಳ ನಡುವಿನ ವ್ಯತ್ಯಾಸದಲ್ಲಿ ಯಾವುದೇ ಕ್ರೀಡಾ ವಿಜ್ಞಾನಿ ತಿಂಗಳುಗಟ್ಟಲೆ ಕೆಲಸ ಹುಡುಕಿಕೊಳ್ಳಬಹುದು. ಆದರೆ ಅವು 9.55ರಷ್ಟು ದೂರ ಹೋಗಲಿಲ್ಲ. ಹೋಗದಿರಲು ಕಾರಣವೂ ಸ್ಪಷ್ಟ: ಹೋಲಿಕೆಯನ್ನು ಹಂಚಿದವನಿಗೆ ತಾನೂ ಆ ಹೆಮ್ಮೆಯಲ್ಲಿ ಪಾಲುದಾರ ಎನಿಸುತ್ತದೆ, ತಿದ್ದುಪಡಿಯನ್ನು ಹಂಚಿದವನು ಹಬ್ಬದ ದಿನ ಸಾಲದ ಮಾತೆತ್ತಿದ ನೆಂಟನಂತೆ ಕಾಣುತ್ತಾನೆ. 'ನಮ್ಮವನೂ ಬೋಲ್ಟ್' ಎನ್ನುವಾಗ ಮಾತಿನ ಕೇಂದ್ರದಲ್ಲಿರುವುದು ನಮ್ಮವನಲ್ಲ, ಬೋಲ್ಟ್. ತುಳುನಾಡಿನ ಗದ್ದೆಯ ಕೌಶಲಕ್ಕೆ ಜಮೈಕಾದ ಅಳತೆಗೋಲು ಸಿಕ್ಕ ಮೇಲಷ್ಟೇ ಬೆಲೆ ಬಂತು ಎಂಬುದು ಈ ಇಡೀ ಸಂಭ್ರಮದ ಒಳಗಿನ ಕಹಿ.

ಆತುರದ ಪ್ರತಿಕ್ರಿಯೆಗೆ ಇನ್ನೊಂದು ಬೆಲೆಯೂ ಇದೆ, ಅದನ್ನು ತೆರಬೇಕಾದವರು ಹಂಚಿದವರಲ್ಲ. ಐಕಳದ ಓಟಕ್ಕೆ ಆರು ತಿಂಗಳ ಹಿಂದೆ, 2019ರ ಆಗಸ್ಟ್‌ನಲ್ಲಿ, ಮಧ್ಯಪ್ರದೇಶದ ಶಿವಪುರಿಯ ಯುವಕನೊಬ್ಬ ಬರಿಗಾಲಿನಲ್ಲಿ ನೂರು ಮೀಟರನ್ನು 11 ಸೆಕೆಂಡಿನಲ್ಲಿ ಓಡಿದನೆಂಬ ವಿಡಿಯೊ ಹೀಗೆಯೇ ಹರಿದಾಡಿತ್ತು. ರಾಜಕಾರಣಿಗಳು ಹಂಚಿದರು, ಇದೇ ಸಚಿವರು ಕರೆಸಿದರು. ಭೋಪಾಲದ ಕ್ರೀಡಾಂಗಣದಲ್ಲಿ ಕ್ಯಾಮೆರಾಗಳ ಮುಂದೆ ಓಡಿದ ಹುಡುಗ 12.9 ಸೆಕೆಂಡಿನಲ್ಲಿ, ಕೊನೆಯವನಾಗಿ ಗುರಿ ಮುಟ್ಟಿದ. ಪ್ರಚಾರದ ಒತ್ತಡದಿಂದ ಹೀಗಾಯಿತೆಂದು ಸಚಿವರು ಸಮಾಧಾನ ಹೇಳಿದರು. ಆ ಪಾಠ ಕಣ್ಣೆದುರೇ ಇದ್ದರೂ ಫೆಬ್ರವರಿಯಲ್ಲಿ ಮತ್ತದೇ ನಡೆಯಿತು. ಗೌಡರು ಪರೀಕ್ಷೆಗೆ ಒಪ್ಪಿ ಬೂಟು ಹಾಕಿಕೊಂಡು ಸಿಂಥೆಟಿಕ್ ಟ್ರ್ಯಾಕಿಗೆ ಇಳಿದಿದ್ದರೆ ಅವರನ್ನು ಮೇಲೆತ್ತಿದ ಬೆರಳುಗಳೇ ನಗುವ ಎಮೊಜಿಯನ್ನೂ ಒತ್ತುತ್ತಿದ್ದವು ಎಂದು ಊಹಿಸಲು ಕಷ್ಟವಿಲ್ಲ.

ಲಾಭವೂ ಆಯಿತು, ಅದನ್ನು ಮರೆಮಾಚುವುದು ಸರಿಯಲ್ಲ. ಗೌಡರಿಗೆ ಹಣ, ಮಾನ ಎರಡೂ ಸಿಕ್ಕವು. ಅದುವರೆಗೆ ಕಂಬಳ ಕರ್ನಾಟಕದ ಹೊರಗೆ ಪರಿಚಿತವಾಗಿದ್ದುದು ಹೆಚ್ಚಾಗಿ ನ್ಯಾಯಾಲಯದ ಸುದ್ದಿಯಾಗಿ: ಜಲ್ಲಿಕಟ್ಟು ಕುರಿತ ಸುಪ್ರೀಂ ಕೋರ್ಟಿನ 2014ರ ತೀರ್ಪು, 2016ರಲ್ಲಿ ಹೈಕೋರ್ಟಿನ ತಡೆ, ಮರುವರ್ಷ ರಾಜ್ಯ ತಂದ ತಿದ್ದುಪಡಿ. ಮೊದಲ ಬಾರಿಗೆ ಅದರ ಓಟಗಾರನೊಬ್ಬನ ಹೆಸರು ದೇಶಕ್ಕೆ ಗೊತ್ತಾಯಿತು. ಆದರೆ ಕೋಣಗಳೇ ಇಲ್ಲದ ಚರ್ಚೆಯಲ್ಲಿ ಅವುಗಳ ಮೇಲಿನ ಹಿಂಸೆಯ ಪ್ರಶ್ನೆಗೂ ಜಾಗ ಸಿಗುವುದು ಕಷ್ಟ. ಪ್ರಾಣಿದಯಾ ಸಂಘಟನೆಗಳ ಆಕ್ಷೇಪ, ಕಂಬಳದವರ ಉತ್ತರ, ಎರಡನ್ನೂ ಎದುರುಬದುರು ಕೂರಿಸಬಹುದಾಗಿದ್ದ ಹೊತ್ತು ಭಾಗಾಕಾರದಲ್ಲೇ ಕಳೆಯಿತು.

ಮುಂದಿನದು ಬಹಳ ಜನರ ಗಮನಕ್ಕೆ ಬಂದಿರಲಾರದು. ಸಚಿವರ ಘೋಷಣೆಯ ಬಿಸಿ ಆರುವ ಮೊದಲೇ ವೇಣೂರಿನ ಕಂಬಳದಲ್ಲಿ ಬಜಗೋಳಿ ಕಡೆಯ ನಿಶಾಂತ್ ಶೆಟ್ಟಿ ಅವರ ಓಟ ನೂರು ಮೀಟರಿಗೆ ಇಳಿಸಿದಾಗ 9.51 ಎಂದು ವರದಿಯಾಯಿತು. ಬೋಲ್ಟ್‌ಗಿಂತ ವೇಗದವರು ಒಂದೇ ತಿಂಗಳಲ್ಲಿ, ಒಂದೇ ಜಿಲ್ಲೆಯ ಆಸುಪಾಸಿನಲ್ಲಿ ಇಬ್ಬರು! ಮರುವರ್ಷ, 2021ರ ಮಾರ್ಚಿನಲ್ಲಿ, ಶ್ರೀನಿವಾಸ ಗೌಡರದ್ದೇ ಇನ್ನೊಂದು ಓಟ ಅದೇ ಲೆಕ್ಕದಲ್ಲಿ 9 ಸೆಕೆಂಡಿಗೂ ಕೆಳಗಿಳಿಯಿತು. ಹಿಂದಿನ ತರ್ಕವನ್ನು ನೆಚ್ಚಿಕೊಂಡರೆ ಇದು ಮನುಷ್ಯ ಓಡಿದ ಇತಿಹಾಸದಲ್ಲೇ ಅತಿ ದೊಡ್ಡ ಸುದ್ದಿಯಾಗಬೇಕಿತ್ತು. ಹಿಂದಿನ ವರ್ಷದ ಗದ್ದಲದ ಒಂದು ಪಾಲೂ ಏಳಲಿಲ್ಲ. ಕರಾವಳಿಯ ಪತ್ರಿಕೆಗಳು ಅದನ್ನು ವರದಿ ಮಾಡಿದವು, ಕಂಬಳದವರು ಯಾವ ಜೋಡಿ ಎಂದು ಕೇಳಿ ತಿಳಿದುಕೊಂಡರು.